ಧರಣಿಗೆ ಟಿಕೆಟ್ ಬೇಕಂತೆ, ನಡುವೆ ಜಾರ್ಜ್ ಯಾಕೆ ಬಂದರು?

ಧರಣಿ ಕಾರ್ಪೊರೇಷನ್ ಎಲೆಕ್ಷನ್‌ಗೆ ನಿಲ್ಲುತ್ತಾನೆ ಅನ್ನುವ ಸುದ್ದಿ ಮಿರ್ಚಿ ಅಂಗಡಿಗೆ ಅವನಿಗಿಂತ ಮೊದಲೇ ಬಂದು ಕೂತಿತ್ತು. ಧರಣಿ ಅವನ ಅಸಲಿ ಹೆಸರಲ್ಲ, ನಾವಿಟ್ಟಿದ್ದು. ಚರಂಡಿಗೆ ಒಮ್ಮೆ, ನಲ್ಲಿ ನೀರಿಗೆ ಒಮ್ಮೆ, ಬೀದಿ ದೀಪಕ್ಕೆ ಒಮ್ಮೆ, ಹಂದಿ ಕಾಟಕ್ಕೂ ಒಮ್ಮೆ ಶಾಮಿಯಾನ ಹಾಕಿ ಕೂತವನು. ಬಳ್ಳಾರಿಯ ಏಪ್ರಿಲ್ ಬಿಸಿಲಲ್ಲಿ ಶಾಮಿಯಾನದ ಕೆಳಗೆ ಕೂರುವುದು ಸುಮ್ನೆ ಮಾತಲ್ಲ. ಒಂದು ಸಲ ಸಾಹೇಬರು ಮನವಿ ತೆಗೆದುಕೊಳ್ಳಲು ಬಂದಾಗ ಇವನಿಗೆ ಕಾಲು ಜೋಮು ಹಿಡಿದು ಏಳಲು ಆಗಲಿಲ್ಲ. ಕೂತಲ್ಲಿಂದಲೇ ಕೊಟ್ಟ. ಮಾರನೇ ದಿನ ಪೇಪರಿನಲ್ಲಿ 'ದಿಟ್ಟ ನಿಲುವು' ಅಂತ ಬಂತು.

"ಹೋರಾಟ ಮಾಡುವವನು ಕುರ್ಚಿಗೆ ಹೋದ ಅಂದರೆ ಮುಗೀತು," ಅಂದ ವಕೀಲ, ಮಿರ್ಚಿಯ ತೊಟ್ಟು ಕಿತ್ತು ಪಕ್ಕಕ್ಕಿಡುತ್ತಾ. "ಕಾರ್ಮಿಕ ನಾಯಕರಾಗಿದ್ದು ಕೇಂದ್ರ ಮಂತ್ರಿಯಾದ ಜಾರ್ಜ್ ಫರ್ನಾಂಡಿಸ್ ಅವರನ್ನೇ ನೋಡ್ರಿ."

ಆ ಹೆಸರು ತೆಗೆಯಬಾರದಿತ್ತು. ರೈಲ್ವೆ ಕಾಕಾ ಅಲ್ಲೇ ಇದ್ದರು. ಒಗ್ಗರಣೆ ಮಂಡಕ್ಕಿಯ ತಟ್ಟೆ ಕೆಳಗಿಟ್ಟರು. ಕಾಕಾ ತಟ್ಟೆ ಕೆಳಗಿಟ್ಟರು ಅಂದರೆ ಸಿಗ್ನಲ್ ಬಿತ್ತು ಅಂತಲೇ ಅರ್ಥ.

"ಲೇ ವಕೀಲ, 1974ರಲ್ಲಿ ನೀನು ಹುಟ್ಟಿದ್ದೇನು?"

"ಇಲ್ಲ ಕಾಕಾ."

"ಹಂಗಾದ್ರೆ ಮಿರ್ಚಿ ತಿನ್ನು."

ಕಾಕಾ ಆಗ ಸ್ಟೀಮ್ ಎಂಜಿನ್ನಿನಲ್ಲಿ ಫೈರ್‌ಮನ್. ಆ ಎಂಜಿನ್ನಿನ ಬಾಯಿಗೆ ಕಲ್ಲಿದ್ದಲು ಎತ್ತಿ ಎತ್ತಿ ಹಾಕುವ ಕೆಲಸ. ಮುಂದೆ ಬೆಂಕಿ, ಹಿಂದೆ ಬಿಸಿಗಾಳಿ. ಒಮ್ಮೆ ಗಾಡಿ ಹೊರಟರೆ ಅದು ಎಲ್ಲಿ ಎಷ್ಟು ಹೊತ್ತು ನಿಂತರೂ ಇವರ ಡ್ಯೂಟಿ ನಿಲ್ಲುತ್ತಿರಲಿಲ್ಲ. "ಎಂಟು ತಾಸಿನ ಡ್ಯೂಟಿ ಕೊಡ್ರಿ, ಬೋನಸ್ ಕೊಡ್ರಿ ಅಂತ ಕೇಳಿದ್ವಿ. ಚಂದ್ರನ ಮೇಲೆ ಸೈಟು ಕೇಳಿದ್ವೇನು?" ಅಂತ ನಮ್ಮನ್ನೇ ಗದರಿಸಿದರು. ನಾವೇ ಕೊಟ್ಟಿಲ್ಲವೇನೋ ಅನ್ನುವ ಹಾಗೆ ತಲೆ ತಗ್ಗಿಸಿದೆವು.

ಆಗ ಅಖಿಲ ಭಾರತ ರೈಲ್ವೆ ನೌಕರರ ಫೆಡರೇಷನ್‌ಗೆ ಜಾರ್ಜ್ ಅಧ್ಯಕ್ಷರು. ದೇಶದ ರೈಲ್ವೆ ಮುಷ್ಕರ ಶುರುವಾಗಿದ್ದು 1974ರ ಮೇ 8ಕ್ಕೆ. ಅವರನ್ನು ಅದಕ್ಕೂ ಮೊದಲೇ, ಮೇ 2ಕ್ಕೆ, ಲಖನೌದಲ್ಲಿ ಹಿಡಿದು ಒಳಗೆ ಹಾಕಿದ್ದರು. ಆದರೂ ಸುಮಾರು 17 ಲಕ್ಷ ನೌಕರರ ಆ ಮುಷ್ಕರ ಮೇ 27ರವರೆಗೆ ನಡೆಯಿತು. ಸಾವಿರಾರು ಜನ ಜೈಲಿಗೆ ಹೋದರು, ಸಾವಿರಾರು ಜನ ಕೆಲಸ ಕಳೆದುಕೊಂಡರು.

"ನಾಯಕ ಒಳಗೆ, ನಾವು ಹೊರಗೆ. ಆಮೇಲೆ ನಾವೂ ಒಳಗೆ," ಅಂದರು ಕಾಕಾ. ಎಷ್ಟೋ ಊರುಗಳಲ್ಲಿ ಕ್ವಾರ್ಟರ್ಸಿನಿಂದ ಸಂಸಾರಗಳನ್ನೇ ಹೊರಗೆ ಹಾಕಿದರು. ಆ ಸುದ್ದಿ ಕೇಳಿ ಕಾಕಾನ ಅವ್ವ, ಯಾರೂ ಬಂದು ಹೇಳುವ ಮೊದಲೇ, ರೊಟ್ಟಿ ಬೇಯಿಸುತ್ತಿದ್ದ ಹಂಚನ್ನು ಸೆರಗಲ್ಲಿ ಹಿಡಿದುಕೊಂಡು ಬೀದಿಗೆ ಬಂದರಂತೆ. ಹಂಚಿನ ಮೇಲೆ ಅರ್ಧ ಬೆಂದ ರೊಟ್ಟಿ ಇತ್ತಂತೆ.

"ಆಮೇಲೆ ಬೋನಸ್ ಸಿಕ್ಕಿತಾ?" ಅಂತ ಜೀನ್ಸ್ ಕೇಳಿದ. ಜೀನ್ಸ್ ಅಂದರೆ ಪ್ಯಾಂಟ್ ಹೊಲಿಸಿ ಮಾರುವ ನಮ್ಮ ಹುಡುಗ. ದುಡ್ಡಿನ ವಿಷಯ ಬಂದಾಗ ಮಾತ್ರ ಕಿವಿ ನೆಟ್ಟಗಾಗುತ್ತೆ.

"ಸಿಕ್ಕಿತು. ಐದು ವರ್ಷ ಆದ ಮೇಲೆ."

"ನಮ್ಮ ಹೋಲ್‌ಸೇಲ್ ಪಾರ್ಟಿಗಿಂತ ಬೇಗನೇ ಬಿಡ್ರಿ."

ಇಲ್ಲಿಗೆ ಮೇಷ್ಟ್ರು ಗಂಟಲು ಸರಿ ಮಾಡಿಕೊಂಡರು. ಮೇಷ್ಟ್ರು ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ರಿಟೈರ್ ಆದವರು. ಯಾವ ಕತೆಯನ್ನೂ ನಡುವಿನಿಂದ ಶುರು ಮಾಡಿದರೆ ಅವರಿಗೆ ಸಹಿಸಲು ಆಗುವುದಿಲ್ಲ. "ಹುಟ್ಟಿದ್ದು 1930, ಜೂನ್ 3, ಮಂಗಳೂರು," ಅಂತ ಹಾಜರಿ ಕೂಗುವ ದನಿಯಲ್ಲಿ ಶುರು ಮಾಡಿದರು. ಐದನೇ ಜಾರ್ಜ್ ದೊರೆ ಹುಟ್ಟಿದ್ದೂ ಜೂನ್ 3ಕ್ಕೇ. ಅದಕ್ಕೇ ಆ ಹೆಸರು. ಅಂದರೆ ಬ್ರಿಟಿಷ್ ರಾಜನ ಹೆಸರಿಟ್ಟುಕೊಂಡವರು ಮುಂದೆ ಸರ್ಕಾರಗಳಿಗೆ ನಿದ್ದೆ ಇಲ್ಲದ ಹಾಗೆ ಮಾಡಿದರು. ಮನೆಯವರು ಪಾದ್ರಿ ಆಗಲಿ ಅಂತ ಬೆಂಗಳೂರಿನ ಸೆಮಿನರಿಗೆ ಕಳಿಸಿದರು. ಅಲ್ಲಿ ದೊಡ್ಡ ಪಾದ್ರಿಗಳಿಗೆ ಎತ್ತರದ ಟೇಬಲ್ಲು, ಒಳ್ಳೆ ಊಟ. ಹುಡುಗರಿಗೆ ಬೇರೆ ಊಟ. ಹೇಳುವುದೊಂದು ಮಾಡುವುದೊಂದು ಅಂತ ಬೇಸತ್ತು ಅಲ್ಲಿಂದ ಹೊರಬಿದ್ದರು.

"ಊಟದ ಪಂಕ್ತಿಯಲ್ಲಿ ಶುರುವಾದ ಸಮಾಜವಾದ," ಅಂದ ವಕೀಲ. "ನಮ್ಮಲ್ಲಿ ಮದುವೆ ಮನೆಯಲ್ಲಿ ದಿನಾ ಹುಟ್ಟಬೇಕಿತ್ತು."

1949ರಲ್ಲಿ ಮುಂಬೈಗೆ ಹೋದರು. ಚೌಪಾಟಿಯ ಬೆಂಚಿನ ಮೇಲೆ ಮಲಗುವುದು, ಪೊಲೀಸ್ ಬಂದು ಎಬ್ಬಿಸುವುದು. ಪ್ರೂಫ್ ನೋಡುವ ಕೆಲಸ ಸಿಕ್ಕಿತು. ಆಮೇಲೆ ಬಂದರಿನ ಕೂಲಿಗಳ ನಾಯಕ ಪ್ಲಾಸಿಡ್ ಡಿಮೆಲ್ಲೊ ಸಿಕ್ಕರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಸಿಕ್ಕರು. ಟ್ಯಾಕ್ಸಿಯವರು, ಹೋಟೆಲ್ ಮಾಣಿಗಳು, ಮುನ್ಸಿಪಾಲಿಟಿ ಕಾರ್ಮಿಕರು ಎಲ್ಲರ ಯೂನಿಯನ್ನೂ ಇವರ ಕೈಗೆ ಬಂತು. ಬಂದ್ ಅಂದರೆ ಬಂದ್. 1961ರಲ್ಲಿ ಕಾರ್ಪೊರೇಷನ್‌ಗೆ ಆರಿಸಿ ಬಂದರು.

"ನೋಡಿದ್ರಾ? ಅವರೂ ಕಾರ್ಪೊರೇಷನ್‌ನಿಂದಲೇ!" ಅಂತ ಬಾಗಿಲ ಕಡೆಯಿಂದ ದನಿ ಬಂತು. ಧರಣಿ. ಬಿಳಿ ಅಂಗಿ, ಹಣೆಗೆ ಕುಂಕುಮ. ನಮ್ಮೂರ ಕನಕದುರ್ಗಮ್ಮನ ದರ್ಶನ ಮುಗಿಸಿ ಬಂದಿದ್ದ. ನಮ್ಮೂರಲ್ಲಿ ನಾಮಿನೇಷನ್‌ಗೆ ಮೊದಲು ಅಮ್ಮನ ಸಹಿ ಬೀಳಲೇಬೇಕು. ಎಲ್ಲರಿಗೂ ಕೈ ಮುಗಿದ. ನಮಗೂ ಮುಗಿದ. ಇಷ್ಟು ವರ್ಷದಲ್ಲಿ ಅವನು ನಮಗೆ ಕೈ ಮುಗಿದದ್ದು ಅದೇ ಮೊದಲು. ನಮಗೆಲ್ಲ ಒಂಥರಾ ಆಯಿತು.

"ಕೂಡೋ," ಅಂದರು ಕಾಕಾ. "ನಿನ್ನದೇ ಹಣೆಬರಹ ನೋಡ್ತಿದೀವಿ."

ಮುಂದಿನದು ಮೇಷ್ಟ್ರ ಇಷ್ಟದ ಭಾಗ. 1967ರ ಲೋಕಸಭೆ ಚುನಾವಣೆ, ದಕ್ಷಿಣ ಮುಂಬೈ. ಎದುರಿಗೆ ಎಸ್.ಕೆ. ಪಾಟೀಲ್, ಮುಂಬೈಗೆ ಮುಂಬೈಯೇ ಹೆದರುತ್ತಿದ್ದ ಮನುಷ್ಯ. ನನ್ನನ್ನು ದೇವರೂ ಸೋಲಿಸಲಾರ ಅಂತ ಅವರು ಅಂದರು, ದೇವರಿಗೆ ಆಗದಿದ್ದರೆ ಏನಾಯ್ತು, ಮತದಾರರೇ ನಿಮ್ಮಿಂದ ಆಗುತ್ತೆ ಅಂತ ಜಾರ್ಜ್ ಕಡೆಯವರು ಪೋಸ್ಟರ್ ಹಚ್ಚಿದರು ಅಂತ ಕತೆ ಇದೆ. ಕತೆ ಎಷ್ಟು ನಿಜವೋ, ಪಾಟೀಲರು ಸೋತದ್ದಂತೂ ನಿಜ. ಆಗ ಪಾಟೀಲರು ಯಾವ ಖಾತೆ ಮಂತ್ರಿ ಗೊತ್ತಾ? ರೈಲ್ವೆ!

ಕಾಕಾ ಚಪ್ಪಾಳೆ ಹೊಡೆದರು. ಈ ಜಾಗಕ್ಕೆ ಬಂದಾಗ ಅವರು ತಪ್ಪದೆ ಹೊಡೆಯುತ್ತಾರೆ.

"ಆದರೆ ಡೈನಾಮೈಟು ಕಾಕಾ," ಅಂದ ವಕೀಲ. ಕಾಕಾನ ಕೈ ಗಾಳಿಯಲ್ಲೇ ನಿಂತಿತು.

ಇದು ನಮ್ಮ ಅಂಗಡಿಯಲ್ಲಿ ಇನ್ನೂ ಇತ್ಯರ್ಥ ಆಗದ ಕೇಸು. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂದಾಗ ಜಾರ್ಜ್ ಒಡಿಶಾದ ಗೋಪಾಲಪುರದಲ್ಲಿ ಇದ್ದರು. ಅಲ್ಲಿಂದಲೇ ಭೂಗತರಾದರು. ಮೀನುಗಾರರ ವೇಷ, ಸಿಖ್ಖರ ವೇಷ, ಗಡ್ಡ, ಪೇಟ. ಸುಮಾರು ಒಂದು ವರ್ಷ ತಿರುಗಿದರು. 1976ರ ಜೂನ್ 10ಕ್ಕೆ ಕಲ್ಕತ್ತಾದಲ್ಲಿ ಸಿಕ್ಕಿಬಿದ್ದರು. ಬರೋಡಾ ಡೈನಾಮೈಟ್ ಕೇಸು ಅಂತ ಹಾಕಿದರು. ಕಲ್ಲುಗಣಿಯವರಿಂದ ಡೈನಾಮೈಟ್ ತರಿಸಿ ಸೇತುವೆ, ರೈಲು ಹಳಿ ಹಾರಿಸುವ ಸಂಚು ಅನ್ನುವುದು ಆರೋಪ. ಇವರೂ ಇನ್ನು 24 ಜನರೂ ಆರೋಪಿಗಳು.

"ನಮ್ಮ ಸಂಡೂರಿನ ಕಡೆ ದಿನಾ ಹಾರಿಸ್ತಾರೆ, ಕೇಸೇ ಇಲ್ಲ," ಅಂದ ಜೀನ್ಸ್.

"ಅದು ಗುಡ್ಡ. ಇದು ಹಳಿ," ಅಂದರು ಕಾಕಾ. ದನಿ ಸಣ್ಣದಾಗಿತ್ತು. "ಜನರಿಗೆ ಏಟು ಬೀಳಬಾರದು ಅಂತ ಅವರು ಹೇಳಿದ್ದರು, ಖರೇ. ಆದರೆ ಹಳಿ ಮೇಲೆ ಎಂಜಿನ್ ಓಡಿಸಿದವನಿಗೆ ಅದನ್ನ ಕೇಳೋಕೆ ಆಗಲ್ಲಪ್ಪ. ಮುಷ್ಕರ ಮಾಡಿದಾಗಲೂ ನಾವು ಎಂಜಿನ್‌ನ ಷೆಡ್ಡಿಗೆ ತಂದು ನಿಲ್ಲಿಸಿ, ಬೆಂಕಿ ಆರಿಸಿ, ಒರೆಸಿ ಹೋದವರು."

ನನ್ನ ಕೇಳಿದರೆ ಕಾಕಾ ಕಡೆಯೇ ನಾನು. ಆದರೆ ಆ ದಿನಗಳು ಎಂಥವು ಅನ್ನುವುದನ್ನೂ ಮರೆಯಬಾರದು. ಜಾರ್ಜ್ ಎಲ್ಲಿದ್ದಾರೆ ಹೇಳು ಅಂತ ಅವರ ತಮ್ಮ ಲಾರೆನ್ಸ್ ಅವರನ್ನು ಬೆಂಗಳೂರಿನಲ್ಲಿ ಹಿಡಿದು ಚಿತ್ರಹಿಂಸೆ ಕೊಟ್ಟರು. ನಟಿ ಸ್ನೇಹಲತಾ ರೆಡ್ಡಿ ಅವರನ್ನು ಬೆಂಗಳೂರು ಜೈಲಿನಲ್ಲಿ ತಿಂಗಳುಗಟ್ಟಲೆ ಇಟ್ಟರು. ಆಸ್ತಮಾ ಇತ್ತು ಆಕೆಗೆ. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಗೆ ಬಂದ ಕೆಲವೇ ದಿನಕ್ಕೆ ತೀರಿಕೊಂಡರು. ಇದು ಬಂದಾಗ ನಮ್ಮ ಅಂಗಡಿಯಲ್ಲೂ ಯಾರೂ ಜೋಕ್ ಮಾಡುವುದಿಲ್ಲ. ಜೀನ್ಸ್ ಕೂಡ.

ಚಹಾ ಬಂತು. ಮಾತು ಮತ್ತೆ ಹಳಿಗೆ ಬಂತು.

1977ರ ಚುನಾವಣೆ. ಜಾರ್ಜ್ ಜೈಲಿನಲ್ಲೇ ಇದ್ದಾರೆ. ಬಿಹಾರದ ಮುಜಫ್ಫರ್‌ಪುರದಿಂದ ನಾಮಪತ್ರ. ಅಭ್ಯರ್ಥಿ ಕ್ಷೇತ್ರದ ಮುಖವನ್ನೇ ನೋಡುವ ಹಾಗಿಲ್ಲ. ಊರೂರಿಗೆ ಹೋದದ್ದು ಅವರ ಫೋಟೋ, ಬೇಡಿ ಹಾಕಿದ ಕೈ ಮೇಲೆತ್ತಿದ ಫೋಟೋ. ಅದರ ಜೊತೆ ಒಬ್ಬ ಹುಡುಗಿ. ಜೈಲಿನ ಫಾಟಕ್ ಮುರಿಯುತ್ತೆ, ನಮ್ಮ ಜಾರ್ಜ್ ಹೊರಗೆ ಬರುತ್ತಾರೆ ಅಂತ ಹಿಂದಿಯಲ್ಲಿ ಕೂಗಿಸುತ್ತಿದ್ದಳು. ಆ ಹುಡುಗಿಯ ಗಂಡ ಡೈನಾಮೈಟ್ ಕೇಸಿನಲ್ಲಿ ಜಾರ್ಜ್ ಕಡೆಯ ವಕೀಲ.

"ಯಾರು ಹೇಳಿ?" ಅಂತ ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು.

ಯಾರಿಗೂ ಗೊತ್ತಾಗಲಿಲ್ಲ. ಮಿರ್ಚಿ ಕರಿಯುತ್ತಿದ್ದ ಅಂಗಡಿಯವನು ಝಾರಿ ಎತ್ತಿ ಹಿಡಿದು, "ಸುಷ್ಮಾ ಸ್ವರಾಜ್ ಅಲ್ವಾ?" ಅಂದ.

ಬಳ್ಳಾರಿಯವರಿಗೆ ಬೇರೆ ಪರಿಚಯ ಬೇಕಾ? 1999ರಲ್ಲಿ ಸೋನಿಯಾ ಗಾಂಧಿ ಎದುರು ಇಲ್ಲಿ ನಿಂತಾಗ, ಕೆಲವೇ ವಾರಗಳಲ್ಲಿ ಕನ್ನಡ ಕಲಿತು ಭಾಷಣ ಮಾಡಿದಾಕೆ. ಸುಮಾರು 56,000 ಮತಗಳಿಂದ ಸೋತರು. ಆದರೂ ವರಮಹಾಲಕ್ಷ್ಮಿ ಹಬ್ಬಕ್ಕೆ ಅಂತ ವರ್ಷ ವರ್ಷ ಬಳ್ಳಾರಿಗೆ ಬರುತ್ತಿದ್ದರು. ಗೆದ್ದವರು ಅಮೇಠಿ ಇಟ್ಟುಕೊಂಡು ಬಳ್ಳಾರಿ ಬಿಟ್ಟರು. ಸೋತವರು ಬರುತ್ತಲೇ ಇದ್ದರು. ನಮ್ಮೂರ ಲೆಕ್ಕವೇ ಬೇರೆ.

"ಜಾರ್ಜ್ ಎಷ್ಟು ಲೀಡಿಂದ ಗೆದ್ದರು?" ಧರಣಿಗೆ ಈಗ ಇದೊಂದೇ ಚಿಂತೆ.

"ಮೂರು ಲಕ್ಷಕ್ಕೂ ಜಾಸ್ತಿ."

"ಪ್ರಚಾರಕ್ಕೆ ಹೋಗದೆ?"

"ಪ್ರಚಾರಕ್ಕೆ ಹೋಗದೆ."

ಧರಣಿ ಸ್ವಲ್ಪ ಹೊತ್ತು ಯೋಚಿಸಿದ. "ನನಗೆ ಒಂದು ಹದಿನೈದು ದಿನ ಜೈಲು ಆಗೋ ಹಾಗೆ ಏನಾದ್ರೂ ಮಾಡಬಹುದಾ ವಕೀಲ್ರೇ?"

"ಆಗುತ್ತೆ. ಫೀಸು ಕೊಡೋದಾದ್ರೆ ಒಂದು ತಿಂಗಳು ಮಾಡಿಸ್ತೀನಿ."

ಜಾರ್ಜ್ ಗೆದ್ದು ಮೊರಾರ್ಜಿ ದೇಸಾಯಿ ಸರ್ಕಾರದಲ್ಲಿ ಮಂತ್ರಿಯಾದರು. ಕೈಗಾರಿಕೆ ಖಾತೆ. ಕೋಕಾ ಕೋಲಾಕ್ಕೆ, ವಿದೇಶಿ ಪಾಲು ಕಡಿಮೆ ಮಾಡಿ, ಇಲ್ಲಿನವರಿಗೆ ಗುಟ್ಟು ಬಿಟ್ಟುಕೊಡಿ, ಇಲ್ಲ ಹೊರಡಿ ಅಂದರು. ಅವರು ಹೊರಟರು. ಐಬಿಎಂ ಕೂಡ ಹೊರಟಿತು. ಸರ್ಕಾರವೇ 'ಡಬಲ್ ಸೆವೆನ್' ಅಂತ ಒಂದು ಪಾನೀಯ ತಂದಿತು. ಕುಡಿದವರು ಜಾಸ್ತಿ ಹೊಗಳಲಿಲ್ಲ. ಕೋಕಾ ಕೋಲಾ 1993ರಲ್ಲಿ ವಾಪಸ್ ಬಂತು. ಅಲ್ಲಿಯವರೆಗೆ ಗೋಲಿ ಸೋಡಾ ಕುಡಿದ ನಮಗೆ ಏನೂ ನಷ್ಟ ಆಗಲಿಲ್ಲ ಅನ್ನುವುದು ಕಾಕಾನ ವಾದ. ಹಾಗೇ ಇನ್ನೊಂದು ಮಾತು. ಮುಷ್ಕರದಲ್ಲಿ ಕೆಲಸ ಕಳೆದುಕೊಂಡವರನ್ನು ವಾಪಸ್ ತೆಗೆದುಕೊಂಡಿದ್ದು ಜಾರ್ಜ್ ಅಲ್ಲ, ಅದೇ ಸರ್ಕಾರದ ರೈಲ್ವೆ ಮಂತ್ರಿ ಮಧು ದಂಡವತೆ. "ಕೂಗಿದ್ದು ಇವರು, ಸಹಿ ಹಾಕಿದ್ದು ಅವರು," ಅಂತಾರೆ ಕಾಕಾ. ದಂಡವತೆ ಹೆಸರು ಬಂದರೆ ಕಾಕಾ ಜೋರಾಗಿ ಮಾತಾಡುವುದಿಲ್ಲ.

ಮುಂದಿನದು 1979ರ ಜುಲೈ. ಇಲ್ಲಿಗೆ ಬಂದರೆ ಅಂಗಡಿಯಲ್ಲಿ ಜಗಳ ಗ್ಯಾರಂಟಿ.

ಮೊರಾರ್ಜಿ ಸರ್ಕಾರದ ಮೇಲೆ ಅವಿಶ್ವಾಸ ಮಂಡನೆ. ಜಾರ್ಜ್ ಎದ್ದು ನಿಂತು ಸರ್ಕಾರದ ಪರವಾಗಿ ಗಂಟೆಗಟ್ಟಲೆ ಮಾತಾಡಿದರು. ಎಂಥಾ ಮಾತು ಅಂತೀರಿ! ವಿರೋಧಿಗಳೂ ಕೂತು ಕೇಳಿದರು. ಆಮೇಲೆ ಕೆಲವೇ ದಿನದಲ್ಲಿ ಅದೇ ಸರ್ಕಾರ ಬಿಟ್ಟು ಚರಣ್ ಸಿಂಗ್ ಕಡೆ ಹೋದರು. ಗಂಡಿನ ಕಡೆ ನಿಂತು ಪಂಕ್ತಿಗೆಲ್ಲ ಬಡಿಸಿ, ಕೈ ತೊಳೆದುಕೊಂಡು ಹೆಣ್ಣಿನ ಕಡೆಯವರ ಜೊತೆ ಕೂತು ಸಾರಿಗೆ ಉಪ್ಪಿಲ್ಲ ಅಂದ ಹಾಗೆ. ಹಳೇ ಗೆಳೆಯ ಮಧು ಲಿಮಯೆ ಒತ್ತಾಯ ಮಾಡಿದರು, ಅದಕ್ಕೇ ಹೋದರು ಅಂತ ಹೇಳುತ್ತಾರೆ.

"ಅದಕ್ಕೇ ಹೇಳೋದು, ಗೆಳೆಯರ ಮಾತು ಕೇಳಬಾರದು," ಅಂದ ವಕೀಲ, ಧರಣಿಯ ಹೆಗಲ ಮೇಲೆ ಕೈ ಹಾಕಿ. "ಈಗ ನನ್ನ ಮಾತು ಕೇಳು, ನಿಲ್ಲಬೇಡ."

"ನನ್ನ ಮಾತು ಕೇಳು, ನಿಲ್ಲು," ಅಂದ ಜೀನ್ಸ್. "ಟೀ ಷರ್ಟ್ ಆರ್ಡರ್ ನನಗೇ ಕೊಡು."

ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ, ಆದರೂ ಹೇಳಿದೆ. ಜನ ಅಂದುಕೊಂಡ ಹಾಗೆ ಜಾರ್ಜ್ ಕೆಟ್ಟದ್ದು ಕುರ್ಚಿಯಿಂದ ಅಲ್ಲ. ಅವರಿಗೆ ಎದುರಿಗೆ ಯಾರಾದರೂ ಇರಬೇಕು. ಎಸ್.ಕೆ. ಪಾಟೀಲ್ ಇದ್ದಾಗ ಹುಲಿ. ಇಂದಿರಾ ಇದ್ದಾಗ ಹುಲಿ. 1978ರಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನಲ್ಲಿ ನಿಂತಾಗ, ವೀರೇಂದ್ರ ಪಾಟೀಲರ ಪರವಾಗಿ ಮಂತ್ರಿಗಿರಿ ಪಕ್ಕಕ್ಕಿಟ್ಟು ಮಲೆನಾಡು ಸುತ್ತಿದವರು. ವೀರೇಂದ್ರ ಪಾಟೀಲರು ಸೋತರು, ಅದು ಬೇರೆ. ಎದುರಿಗೆ ಯಾರೂ ಇಲ್ಲದೆ ನಮ್ಮವರ ನಡುವೆಯೇ ಕೂತು ಬಾಳುವೆ ಮಾಡು ಅಂದರೆ, ಅದು ಮಾತ್ರ ಅವರ ಕೈಲಿ ಆಗುತ್ತಿರಲಿಲ್ಲ.

"ಹಂಗಾದ್ರೆ ಕೊಂಕಣ ರೈಲು?" ಅಂತ ಮೇಷ್ಟ್ರು ಪಟ್ಟು ಹಾಕಿದರು.

ಸರಿ, ಅದನ್ನೂ ಹೇಳಬೇಕು. 1984ರಲ್ಲಿ ಕನ್ನಡನಾಡಿಗೆ ಬಂದು ಬೆಂಗಳೂರು ಉತ್ತರದಲ್ಲಿ ನಿಂತರು. ಸೋಲಿಸಿದ್ದು ಯಾರು? ಸಿ.ಕೆ. ಜಾಫರ್ ಷರೀಫ್. ಅವರೂ ರೈಲ್ವೆ ಖಾತೆಯ ರಾಜ್ಯ ಸಚಿವರಾಗಿದ್ದವರೇ, ಮುಂದೆ ಪೂರಾ ರೈಲ್ವೆ ಮಂತ್ರಿ ಆದವರೇ. ಈ ಮನುಷ್ಯನ ಜಾತಕದಲ್ಲಿ ರೈಲು ಬಿಟ್ಟರೆ ಬೇರೆ ಗ್ರಹವೇ ಇಲ್ಲ. 1989ರಲ್ಲಿ ಮತ್ತೆ ಮುಜಫ್ಫರ್‌ಪುರದಿಂದ ಗೆದ್ದರು. ವಿ.ಪಿ. ಸಿಂಗ್ ಕೊಟ್ಟ ಖಾತೆ ಯಾವುದು? ದೇಶದ ರೈಲೆಲ್ಲ ನಿಲ್ಲಿಸಿದವರಿಗೆ ರೈಲ್ವೆ ಖಾತೆ!

"ಆವತ್ತು ನಮ್ಮ ಲಾಬಿಯಲ್ಲಿ ಪೇಡೆ ಹಂಚಿದ್ವಿ," ಅಂದರು ಕಾಕಾ. "ಒಬ್ಬ ಹಳೇ ಆಫೀಸರ್ ಮಾತ್ರ ತಿನ್ನಲಿಲ್ಲ. ಶುಗರ್ ಅಂದ."

ಇದ್ದದ್ದು ವರ್ಷವೂ ತುಂಬದ ಅವಧಿ. ಅಷ್ಟರಲ್ಲೇ 1990ರ ಜುಲೈಗೆ ಕೊಂಕಣ ರೈಲ್ವೆ ನಿಗಮ ಆಯಿತು. ಇ. ಶ್ರೀಧರನ್ ಅವರನ್ನು ಕೂರಿಸಿದರು. ರತ್ನಗಿರಿ ಕಡೆಯ ಬೆಟ್ಟ ಕೊರೆದು, ಹೊಳೆಗಳ ಮೇಲೆ ಸೇತುವೆ ಹಾಕಿ, 1998ರ ಜನವರಿಯಲ್ಲಿ ಮುಂಬೈ ಕಡೆಯಿಂದ ಮಂಗಳೂರಿನವರೆಗೆ ದಾರಿ ಪೂರ್ತಿ ಆಯಿತು. ಮಂಗಳೂರಿನ ಹುಡುಗ ಮುಂಬೈಗೆ ಬರಿಗೈಲಿ ಹೋಗಿದ್ದನಲ್ಲ, ಆ ಎರಡು ಊರಿಗೂ ಹಳಿ ಬಿತ್ತು. "ಅಲ್ಲಿ ಎದುರಾಳಿ ಯಾರು?" ಅಂದರು ಮೇಷ್ಟ್ರು. "ಸಹ್ಯಾದ್ರಿ," ಅಂದೆ. ಅಷ್ಟಕ್ಕೆ ಬಿಟ್ಟರು. ಮೇಷ್ಟ್ರು ಬಿಡುವುದು ಅಪರೂಪ.

ಆಮೇಲಿನ ಕತೆ ಎಲ್ಲರಿಗೂ ಗೊತ್ತಿದ್ದದ್ದೇ. 1994ರಲ್ಲಿ ನಿತೀಶ್ ಕುಮಾರ್ ಜೊತೆ ಸಮತಾ ಪಕ್ಷ. ಬಿಜೆಪಿ ಜೊತೆ ಮೈತ್ರಿ. ಲೋಹಿಯಾ ಶಿಷ್ಯರು ಅಲ್ಲಿಗೆ ಹೋದದ್ದಕ್ಕೆ ನಮ್ಮ ಮೇಷ್ಟ್ರು ಇವತ್ತಿಗೂ ಮುನಿಸು. 1998ರಲ್ಲಿ ರಕ್ಷಣಾ ಮಂತ್ರಿ. ಹಿಂದೆ ಅಣುಬಾಂಬ್ ಬೇಡ ಅಂದವರ ಕಾಲದಲ್ಲೇ ಪೋಖ್ರಾನ್‌ನಲ್ಲಿ ಅಣುಬಾಂಬ್ ಸಿಡಿಯಿತು. ಸಿಯಾಚಿನ್‌ಗೆ ಮತ್ತೆ ಮತ್ತೆ ಹೋದರು. ಅಲ್ಲಿನ ಸೈನಿಕರಿಗೆ ಬೇಕಾದ ಸ್ನೋ ಸ್ಕೂಟರ್ ಫೈಲು ಇಟ್ಟುಕೊಂಡು ಕೂತ ಅಧಿಕಾರಿಗಳನ್ನು, ಹೋಗಿ ನೀವೇ ಚಳಿ ನೋಡಿ ಬನ್ನಿ ಅಂತ ಸಿಯಾಚಿನ್‌ಗೇ ಕಳಿಸಿದರು.

"ನಮ್ಮ ಚರಂಡಿ ಫೈಲ್ ಇಟ್ಟುಕೊಂಡವರನ್ನ ಎಲ್ಲಿಗೆ ಕಳಿಸ್ತೀಯೋ ಧರಣಿ?"

"ಚರಂಡಿಗೇ."

ಇದಕ್ಕೆ ಮಾತ್ರ ಇಡೀ ಅಂಗಡಿ ಒಮ್ಮತದಿಂದ ಚಪ್ಪಾಳೆ ಹೊಡೆಯಿತು. ಧರಣಿಗೆ ಒಂದು ಮಿರ್ಚಿ ಫ್ರೀ ಬಂತು.

ನನಗೆ ಇಷ್ಟವಾಗುವುದು ಅವರ ದೆಹಲಿ ಮನೆಯ ಗೇಟಿನ ಕತೆ. ಎದುರು ಮನೆಯಲ್ಲಿ ಒಬ್ಬ ದೊಡ್ಡ ಮಂತ್ರಿ. ಆ ಮಂತ್ರಿ ಹೊರಟಾಗೆಲ್ಲ ಪೊಲೀಸರು ಇವರ ಮನೆಗೆ ಬರುವವರನ್ನು, ಹೋಗುವವರನ್ನು ತಡೆಯುತ್ತಿದ್ದರು. ಜಾರ್ಜ್‌ಗೆ ಸಿಟ್ಟು ಬಂತು. ಗೇಟನ್ನೇ ಕಿತ್ತು ಹಾಕಿಸಿದರು. ಗೇಟೇ ಇಲ್ಲ, ಏನು ಮುಚ್ಚುತ್ತೀರಿ? ತಾವೇ ರಕ್ಷಣಾ ಮಂತ್ರಿ ಆದ ಮೇಲೂ ಗೇಟು ಹಾಕಿಸಲಿಲ್ಲ. ತಮ್ಮ ಬಟ್ಟೆ ತಾವೇ ಒಗೆದುಕೊಳ್ಳುತ್ತಿದ್ದರು. ಇಸ್ತ್ರಿ ಇಲ್ಲದ ಖಾದಿ ಕುರ್ತಾ.

ಧರಣಿ ತನ್ನ ಗರಿಗರಿ ಅಂಗಿಯ ಕಾಲರ್ ಮುಟ್ಟಿ ನೋಡಿಕೊಂಡ.

"ಗೇಟಿಲ್ಲದ ಮನೆಗೆ ಕ್ಯಾಮೆರಾ ಇಟ್ಟುಕೊಂಡವರೂ ಬರ್ತಾರೆ," ಅಂದ ವಕೀಲ. ಅದೂ ನಿಜ. 2001ರ ಮಾರ್ಚಿನಲ್ಲಿ ತೆಹಲ್ಕಾ ಅನ್ನುವ ಸುದ್ದಿ ಸಂಸ್ಥೆಯ ಗುಪ್ತ ಕ್ಯಾಮೆರಾ ವಿಡಿಯೋ ಬಂತು. ಶಸ್ತ್ರಾಸ್ತ್ರ ದಲ್ಲಾಳಿಗಳ ಸೋಗಿನಲ್ಲಿ ಪತ್ರಕರ್ತರು ಆ ಮನೆಗೇ ಹೋಗಿದ್ದರು. ಜಾರ್ಜ್ ರಾಜೀನಾಮೆ ಕೊಟ್ಟರು, ಅಕ್ಟೋಬರಿನಲ್ಲಿ ಮತ್ತೆ ಬಂದು ಕೂತರು. ಕಾರ್ಗಿಲ್ ಯೋಧರ ಶವಪೆಟ್ಟಿಗೆ ಖರೀದಿ ಅಂತ ಇನ್ನೊಂದು ಆರೋಪ ಬಂತು. ಕೋರ್ಟಿನಲ್ಲಿ ನಿಲ್ಲಲಿಲ್ಲ. ಅಷ್ಟರಲ್ಲಿ ಬೀದಿಯಲ್ಲಿ ಕೂಗುವಷ್ಟು ಕೂಗಿ ಆಗಿತ್ತು. ಬೀದಿಯಲ್ಲಿ ಕೂಗುವುದನ್ನು ಕಲಿಸಿದವರೇ ಅವರಲ್ವಾ, ಯಾರಿಗೆ ದೂರುವುದು?

2009ರಲ್ಲಿ ಅವರ ಪಕ್ಷವೇ ಟಿಕೆಟ್ ಕೊಡಲಿಲ್ಲ. ಆರೋಗ್ಯ ಸರಿ ಇಲ್ಲ ಅಂದರು. ಹಟ ಹಿಡಿದು ಮುಜಫ್ಫರ್‌ಪುರದಿಂದಲೇ ಪಕ್ಷೇತರರಾಗಿ ನಿಂತರು. ಜೈಲಿನಲ್ಲಿದ್ದಾಗ ಮೂರು ಲಕ್ಷ ಲೀಡ್ ಕೊಟ್ಟ ಊರು ಈ ಸಲ ಠೇವಣಿ ಉಳಿಸಲಿಲ್ಲ. ಆಮೇಲೆ ಮರೆವಿನ ಕಾಯಿಲೆ. 2019ರ ಜನವರಿ 29ಕ್ಕೆ ತೀರಿಕೊಂಡರು.

"ನಾನು ಅವರನ್ನು ಒಂದೇ ಸಲ ನೋಡಿದ್ದು," ಅಂದರು ಕಾಕಾ. "ಮೀಟಿಂಗ್ ಮುಗಿಸಿ ಪ್ಲಾಟ್‌ಫಾರ್ಮ್‌ನಲ್ಲಿ ನಿಂತಿದ್ದರು. ನನ್ನ ಕೈ ತುಂಬ ಮಸಿ. ಕೈ ಕೊಡೋಕೆ ಹಿಂದೆ ಮುಂದೆ ನೋಡಿದೆ. ಅವರೇ ಹಿಡಿದರು. ಬಿಳಿ ಕುರ್ತಾದ ತೋಳಿಗೆಲ್ಲ ಮಸಿ ಹತ್ತಿತು. ಒರೆಸಿಕೊಳ್ಳಲಿಲ್ಲ. ಹಾಗೇ ಹತ್ತಿ ಹೋದರು." ಸ್ವಲ್ಪ ತಡೆದು, "ಟಿಕೆಟ್ ಇತ್ತೋ ಇಲ್ಲವೋ ಗೊತ್ತಿಲ್ಲ," ಅಂದರು.

ನಕ್ಕೆವು. ಧರಣಿಯೂ ನಕ್ಕ. ಈ ಹೊತ್ತು ಸರಿ ಅನ್ನಿಸಿರಬೇಕು, ಕಾಕಾ ತಿರುಗಿ ಕೇಳಿದರು. "ಎಲ್ಲಾ ಇರಲಿ. ಸೋಮವಾರ ನಮ್ಮ ಬೀದಿ ಚರಂಡಿದು ಧರಣಿ ಇದೆಯಲ್ಲ, ಬರ್ತೀ ತಾನೆ?"

ಧರಣಿ ಚಹಾದ ಲೋಟದೊಳಗೆ ನೋಡಿದ. "ಇಲ್ಲ ಕಾಕಾ. ಟಿಕೆಟ್ ಫೈನಲ್ ಆಗೋವರೆಗೆ ಗಲಾಟೆ ಎಲ್ಲ ಬೇಡ ಅಂತ ಪಾರ್ಟಿಯವರು ಹೇಳಿದ್ದಾರೆ."

ಯಾರೂ ಮಾತಾಡಲಿಲ್ಲ. ಕಾಕಾ ಅಂಗಡಿಯವನ ಕಡೆ ಕೈ ಎತ್ತಿದರು. "ಇನ್ನೊಂದು ಪ್ಲೇಟ್ ಬಿಸಿ ಮಿರ್ಚಿ ಹಾಕು. ಎಲ್ಲರದ್ದೂ ಕ್ಯಾಂಡಿಡೇಟ್ ಲೆಕ್ಕಕ್ಕೆ ಬರ್ಕೋ."